ಪುಸ್ತಕ ಮುಚ್ಚಿ ಕಲಿತ 60 ಪದ್ಯಗಳು

ನಿವೃತ್ತಿಯಾದ ವರ್ಷವೇ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಯ, ತರಗತಿಗೆ ಸೇರಿದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಕುಮಾರವ್ಯಾಸನ ಉತ್ತರಕುಮಾರ ಪ್ರಸಂಗದಿಂದ 60 ಪದ್ಯಗಳನ್ನಾದರೂ ಬಾಯಿಪಾಠವಾಗಿ ವಾಚಿಸಬೇಕೆಂಬ ಆಸೆಯಿತ್ತು. ಪುಸ್ತಕ ಮುಂದಿಟ್ಟುಕೊಂಡು ವಾಚಿಸುವುದು ತಪ್ಪೇನಲ್ಲ. ಆದರೆ ಕಣ್ಣು ಸಾಲಿನ ಮೇಲಿದ್ದರೆ ಕೇಳುವವರ ಮುಖ ಕಾಣುವುದಿಲ್ಲ.

ಮೊದಮೊದಲು ಒಂದೊಂದು ಪದ್ಯವನ್ನೂ 20 ಸಲ ಓದುತ್ತಿದ್ದೆ. ಹದಿನೈದನೆಯ ಸಲಕ್ಕೆ ಎಲ್ಲವೂ ನಾಲಿಗೆಯ ತುದಿಗೆ ಬಂದು ಕುಳಿತಂತೆ ಅನ್ನಿಸುತ್ತಿತ್ತು. ದೇವಸ್ಥಾನದಲ್ಲಿ ಮೊದಲ ಬಾರಿ ವಾಚನಕ್ಕೆ ಕುಳಿತಾಗ ಏಳನೆಯ ಪದ್ಯದ ಮೂರನೆಯ ಸಾಲಿನಲ್ಲಿ ನಿಂತುಬಿಟ್ಟೆ. ಪುಟದ ಯಾವ ಮೂಲೆಯಲ್ಲಿ ಆ ಸಾಲಿದೆ ಎಂಬುದು ಕಣ್ಣಿಗೆ ಕಟ್ಟಿತ್ತು; ಪದ ಮಾತ್ರ ಬರಲಿಲ್ಲ. ಗುರುಗಳು ಮೆಲ್ಲಗೆ ಎರಡಕ್ಷರ ಹೇಳಿಕೊಟ್ಟರು. ಉಳಿದದ್ದೆಲ್ಲ ತಾನಾಗಿ ಹರಿದು ಬಂತು.

ಅಂದರೆ ಪದ್ಯ ಅಳಿಸಿಹೋಗಿರಲಿಲ್ಲ, ಒಳಗೇ ಇತ್ತು. ಅದನ್ನು ಹೊರಗೆ ಕರೆತರುವ ದಾರಿಯಲ್ಲಿ ನಾನು ಒಮ್ಮೆಯೂ ನಡೆದಿರಲಿಲ್ಲ. ಓದಿ ಓದಿ ಬೆಳೆದ ಪರಿಚಯವನ್ನೇ ನೆನಪೆಂದು ನಂಬಿದ್ದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು, ವಾರದ ನಂತರ ಕೇಳಿದಾಗ, ಪಾಠವನ್ನು ನೋಡದೆ ನೆನಪಿಸಿಕೊಂಡವರು ಮುಂದಿದ್ದರು.

ಕ್ರಮ ಬದಲಿಸಿದೆ. ಅರ್ಥ ತಿಳಿದು ಮೂರು ಸಲ ಓದುವುದು, ಪುಸ್ತಕ ಮುಚ್ಚುವುದು, ಹೇಳುವುದು. ತಡವರಿಸಿದಲ್ಲಿ ಪುಟ ತೆರೆಯದೆ ಒಂದು ನಿಮಿಷವಾದರೂ ಕಾಯುವುದು. ಆ ಒಂದು ನಿಮಿಷ ನಿಜಕ್ಕೂ ಹಿಂಸೆ, ಆದರೆ ಹಾಗೆ ಕಾದು ಪಡೆದ ಪದಗಳೇ ಇವತ್ತಿಗೂ ಗಟ್ಟಿಯಾಗಿ ಉಳಿದಿವೆ.

ಈ ಪದ್ಯಗಳ ಛಂದಸ್ಸಾದ ಭಾಮಿನಿ ಷಟ್ಪದಿಯ ಆರು ಸಾಲಿನ ಕಟ್ಟು ಇಲ್ಲಿ ಕೈಹಿಡಿಯಿತು. ಮೂರು, ನಾಲ್ಕು ಮಾತ್ರೆಯ ಗಣಗಳ ನಡಿಗೆ. ಚಿಕ್ಕ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲಿಗೆ 23, ಒಟ್ಟು 102. ಇಷ್ಟನ್ನು ಬಿಡಿಬಿಡಿಯಾಗಿ ಹಿಡಿದಿಡಲು ಯಾರಿಗೂ ಆಗದು, ಆರು ಗಂಟುಗಳಾಗಿ ಕಟ್ಟಿಕೊಂಡರೆ ಆಗುತ್ತದೆ. ಒಂದು ಪದ ಬಿಟ್ಟುಹೋದರೆ ನಡಿಗೆಯೇ ಎಡವಿ ತಿಳಿಸುತ್ತದೆ. ಮುಂದಿನ ಸಾಲು ಮರೆತರೆ ಅದರ ಎರಡನೆಯ ಅಕ್ಷರವಂತೂ ಗೊತ್ತಿರುತ್ತದೆ; ಆರೂ ಸಾಲುಗಳಲ್ಲಿ ಅಲ್ಲಿ ಒಂದೇ ವ್ಯಂಜನದ ಪ್ರಾಸ. ಪ್ರಾಸವನ್ನು ಹಿಡಿದು ತಡಕಾಡಿದರೆ ಪದ ಕೈಗೆ ಸಿಗುತ್ತದೆ. ಗುರುಗಳು ಅಂದು ಕೊಟ್ಟ ಎರಡಕ್ಷರವನ್ನು ಕವಿ ಮೊದಲೇ ಕೊಟ್ಟಿಟ್ಟಿದ್ದಾನೆ!

ಪದ್ಯದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಮೂರು ಡಬ್ಬಿ ಇಟ್ಟೆ: ದಿನದ್ದು, ಮೂರು ದಿನಕ್ಕೊಮ್ಮೆಯದು, ವಾರದ್ದು. ತಪ್ಪಿಲ್ಲದೆ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ದಿನದ ಡಬ್ಬಿಗೆ. ಕಲಿತದ್ದು ಮೊದಲ ಗಂಟೆಗಳಲ್ಲೇ ವೇಗವಾಗಿ ಮರೆಯುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಅಳೆದು ತೋರಿಸಿದ್ದ. ಆದ್ದರಿಂದ ಹೊಸ ಪದ್ಯವನ್ನು ಮಲಗುವ ಮುನ್ನ ಒಮ್ಮೆ, ಎದ್ದ ಕೂಡಲೇ ಒಮ್ಮೆ ಹೇಳುತ್ತೇನೆ. ನಡುವಿನ ನಿದ್ದೆಯೂ ಅಭ್ಯಾಸದ ಭಾಗವೇ. ಹಗಲಿನ ಕಲಿಕೆಯನ್ನು ಮಿದುಳು ಗಟ್ಟಿಗೊಳಿಸುವುದು ಆಗಲೇ.

ಇನ್ನೊಂದು ತೊಡಕಿತ್ತು. ಮೊದಲಿನಿಂದ ಹಾಡಿದರೆ ಬರುವ ಪದ್ಯ, ನಾಲ್ಕನೆಯ ಸಾಲು ಹೇಳಿ ಎಂದರೆ ಬರುತ್ತಿರಲಿಲ್ಲ. ಆಗ, ಹೊಸ ನೆನಪು ಉಳಿಯದಂತಾದ ರೋಗಿ ಹೆನ್ರಿ ಮೊಲೈಸನ್ ನೆನಪಾದ. ಅಪಸ್ಮಾರಕ್ಕಾಗಿ 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಹೊಸ ನೆನಪು ಕಟ್ಟಲು ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್, ಎರಡೂ ಕಡೆ, ಬಹುಪಾಲು ಹೋಯಿತು. ಮುಂದೆ, ಕನ್ನಡಿ ನೋಡಿಕೊಂಡು ಗೆರೆ ಎಳೆಯುವ ಕೌಶಲ ಅವನ ಕೈಗೆ ದಿನದಿಂದ ದಿನಕ್ಕೆ ಒಲಿಯಿತು. ಹಿಂದೆ ಅದನ್ನು ಮಾಡಿದ್ದೇನೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ರೂಢಿಯೇ ಬೇರೆ, ಅರಿವೇ ಬೇರೆ. ನನ್ನ ಪದ್ಯಗಳೂ ಬರಿಯ ನಾಲಿಗೆಯ ರೂಢಿಯಾಗಬಾರದೆಂದು, ಈಗ ಯಾವ ಸಾಲಿನಿಂದ ಬೇಕಾದರೂ ಆರಂಭಿಸಿ ಹೇಳುತ್ತೇನೆ.

ಜನಮೇಜಯನನ್ನು ಕರೆಯುತ್ತಲೇ ತೊಡಗುವ ಎರಡು ಪದ್ಯಗಳು ಮಾತ್ರ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಒಂದನ್ನು ಮೋಹನ ರಾಗದಲ್ಲಿ, ಇನ್ನೊಂದನ್ನು ಸಿಂಧುಭೈರವಿಯಲ್ಲಿ ಹೇಳಿಕೊಂಡು ಬಿಡಿಸುತ್ತಿದ್ದೇನೆ. ಆ ಎರಡು ಚೀಟಿಗಳು ಇನ್ನೂ ದಿನದ ಡಬ್ಬಿಯಲ್ಲಿವೆ.