ಪಿಕಪ್‌ನ ಫೈಬರ್ ಟಾಪ್‌ಗೆ ಮನೆಯಲ್ಲೇ ಹೊಸ ಬಣ್ಣ

ಪಿಕಪ್‌ನ ಹಿಂಭಾಗ ಮುಚ್ಚುವ ಫೈಬರ್ ಟಾಪ್ ಬಿಸಿಲಿಗೆ ಮಾಸಿ, ಕೈ ಸವರಿದರೆ ಸೀಮೆಸುಣ್ಣದ ಥರ ಪುಡಿ ಅಂಟುತ್ತಿದೆಯಾ? ಹಾಗಿದ್ದರೆ ಅದರ ಮೇಲೆ ನೇರವಾಗಿ ವಿನೈಲ್ (ಅಂಟಿಸುವ ಬಣ್ಣದ ಹಾಳೆ) ಸುತ್ತಬೇಡಿ, ಸುಮ್ನೆ ದುಡ್ಡು ದಂಡ. ಪುಡಿ ಮೇಲೆ ಅಂಟು ನಿಲ್ಲುವುದಿಲ್ಲ, ಗೀರುಗಳೂ ಎದ್ದು ಕಾಣುತ್ತವೆ.

ನನ್ನ ಓಟು ಪೇಂಟಿಗೆ. ಸೋಪು ನೀರಲ್ಲಿ ತೊಳೆದು, ವ್ಯಾಕ್ಸ್ ಜಿಡ್ಡು ತೆಗೆದು, 320 ನಂಬರ್ ವಾಟರ್ ಪೇಪರ್‌ನಲ್ಲಿ ಹೊಳಪೆಲ್ಲ ಹೋಗುವ ತನಕ ಉಜ್ಜಿ. ಕಿಟಕಿ ರಬ್ಬರ್ ಅಂಚಲ್ಲಿ ಜಾಸ್ತಿ ಹೊತ್ತು ಕೂರಿ, ಪೇಂಟ್ ಸುಲಿಯಲು ಶುರುವಾಗುವುದು ಅಲ್ಲೇ ಅಲ್ವಾ. ಗುಳಿ ಬಿದ್ದಲ್ಲಿ ಪುಟ್ಟಿ, ಆಮೇಲೆ ಪ್ರೈಮರ್, ಮತ್ತೆ 600 ನಂಬರ್ ಪೇಪರ್‌ನಲ್ಲಿ ಉಜ್ಜಿ. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿ.

ಬಣ್ಣ ತೆಳುವಾಗಿ ಎರಡು ಮೂರು ಕೋಟ್. ಬೆಂಗಳೂರಿನ ಸಂಜೆ ಮಳೆ ನಂಬಬೇಡಿ, ಬೆಳಗ್ಗೆಯೇ ಹೊಡೆಯಿರಿ. ಹಾರ್ಡನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಮಾತ್ರ ಮನೆಯಲ್ಲಿ ಬೇಡ, ಅದರ ಆವಿಗೆ ಬಟ್ಟೆ ಮಾಸ್ಕ್ ಸಾಲದು. ಪೇಂಟ್ ಹೊಡೆಯುವ ಮುಚ್ಚಿದ ಬೂತ್ ಇರುವ ಗ್ಯಾರೇಜಿಗೆ ಕೊಡಿ.