ನಾಯಿ ಹಲ್ಲು ತಿಕ್ಕೋದು: ಎರಡು ವರ್ಷದ ನನ್ನ ಅನುಭವ

ನಾಯಿಗೆ ಹಲ್ಲು ತಿಕ್ಕೋದು ಪ್ಯಾಟಿ ಮಂದಿ ಶೋಕಿ ಅಂತ ನಕ್ಕವರಿಗೆ ಈಗ ನಮ್ಮ ಎರಡೂ ನಾಯಿಗಳ ತುಟಿ ಎತ್ತಿ ತೋರಿಸ್ತೀನಿ. ಏಳು ವರ್ಷದ ಮುಧೋಳ, ಐದು ವರ್ಷದ ಸ್ಪಿಟ್ಜ್. ವಸಡು ತಿಳಿ ಗುಲಾಬಿ, ಬಾಯಿ ವಾಸನೆ ಇಲ್ಲ. ಕೊನೆಯ ಸ್ಕೇಲಿಂಗ್ (ಡಾಕ್ಟರ್ ಹಲ್ಲಿನ ಗಟ್ಟಿ ಪದರ ಕೆರೆದು ತೆಗೆಯೋದು) ಆಗಿ ಎರಡು ವರ್ಷದ ಮೇಲಾಯ್ತು. ಮೊನ್ನೆ ಲಸಿಕೆಗೆ ಹೋದಾಗ ಡಾಕ್ಟರೇ "ಈ ವರ್ಷವೂ ಬೇಡ" ಅಂದರು.

ಮೊದಲ ಸಲ ಸ್ಕೇಲಿಂಗ್ ಮಾಡಿಸಿದಾಗ ರಕ್ತಪರೀಕ್ಷೆ, ಅರಿವಳಿಕೆ ಎಲ್ಲ ಸೇರಿ ಒಂದೊಂದು ನಾಯಿಗೆ 8 ಸಾವಿರದ ಆಸುಪಾಸು ಹೋಗಿತ್ತು. ಏಳೆಂಟು ತಿಂಗಳಿಗೆ ಮೇಲಿನ ದವಡೆ ಹಲ್ಲಿನ ಮೇಲೆ ಅದೇ ಕಂದು ಪದರ. ಆಮೇಲೆ ನಾಯಿಗಳ ಸ್ನಾನ, ಕೂದಲು ನೋಡಿಕೊಳ್ಳೋ ಒಬ್ಬ ಗ್ರೂಮರ್ ಅರಿವಳಿಕೆ ಇಲ್ಲದೆ 1,500ಕ್ಕೆ ಕೆರೆದುಕೊಟ್ಟ. ಹಲ್ಲು ಬೆಳ್ಳಗಾಯ್ತು, ವಾಸನೆ ಹೋಗಲಿಲ್ಲ. ರೋಗ ಇರೋದು ವಸಡಿನ ಅಡಿಗೆ, ಎಚ್ಚರ ಇರೋ ನಾಯಿ ಅಲ್ಲಿ ಕೈ ಹಾಕಗೊಡಲ್ಲ.

ನಮ್ಮ ಕಡೆಯ ಹಿರಿಯ ಬ್ರೀಡರ್ ಒಬ್ಬರು, "ಎಲುಬು ಹಾಕೋ ತಮ್ಮಾ, ಅದ ತನ್ನ ಹಲ್ಲು ತಾನ ತಿಕ್ಕೋತದ" ಅಂದಿದ್ರು. ಕುರಿಯ ಕಾಲೆಲುಬು ಹಾಕಿದ್ವಿ. ಮುಧೋಳದ ಮೇಲಿನ ದೊಡ್ಡ ದವಡೆ ಹಲ್ಲಿನ ಹೊರಮೈ ಹೆಂಚಿನ ಚೂರಿನ ಹಾಗೆ ಸೀಳಿಬಂತು. ಆ ಹಲ್ಲಿನ ಬೇರು ಕಣ್ಣಿನ ಕೆಳಗೇ ಇರ್ತದೆ, ಕೆಲವು ವಾರದಲ್ಲಿ ಅಲ್ಲಿ ಬಾವು. ಎಕ್ಸ್‌ರೇ, ಹಲ್ಲು ಕೀಳಿಸಿದ್ದು, ಔಷಧ ಅಂತ 12 ಸಾವಿರ ದಾಟಿತು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ ಇರೋದನ್ನ ಈಗ ಜಗಿಯೋಕೆ ಕೊಡಲ್ಲ.

ನಡುವೆ ಏನೇನೋ ಮಾಡಿ ನೋಡಿದೆ. ಬೇವಿನ ಕಡ್ಡಿಗೆ ಸ್ಪಿಟ್ಜ್ ಬಾಯಿ ತುಂಬ ನೊರೆ ಸುರಿಸಿ ಮಂಚದ ಕೆಳಗೆ ಹೋಯ್ತು. ಕೊಬ್ಬರಿ ಎಣ್ಣೆ ಇಬ್ಬರಿಗೂ ಇಷ್ಟ, ಹಲ್ಲಿಗೆ ಏನೂ ಆಗಲಿಲ್ಲ, ಹೊಟ್ಟೆ ಮಾತ್ರ ಸಡಿಲ. ಹಸಿ ಗಜ್ಜರಿ ತಿಂದು ಮುಗಿಸಿದ್ವು, ಅಷ್ಟೇ. ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಜೆಲ್ ವಸಡಿಗೆ ನಿಜಕ್ಕೂ ಒಳ್ಳೇದು, ಆದರೆ ದಿನಾ ಹಚ್ಚುತ್ತ ಹೋದರೆ ಹಲ್ಲಿಗೆ ಕಂದು ಕಲೆ ಹಿಡಿತದೆ. ಸ್ಕೇಲಿಂಗ್ ಆದ ಮೊದಲ ಹತ್ತು ದಿನಕ್ಕೆ ಮಾತ್ರ ಅದನ್ನ ಇಟ್ಟುಕೊಂಡೆ.

ಕೊನೆಗೆ ಕೈ ಹಿಡಿದದ್ದು ಬ್ರಷ್ಷೇ, ಆದರೆ ದಿನಾ. ಹಲ್ಲಿನ ಮೇಲೆ ಕೂರೋ ಮೆತ್ತಗಿನ ಪಾಚಿ ಎರಡು ಮೂರು ದಿನದಲ್ಲೇ ಕಲ್ಲಾಗ್ತದೆ, ಆಮೇಲೆ ಯಾವ ಬ್ರಷ್ಷಿಗೂ ಬಗ್ಗಲ್ಲ. ವಾರಕ್ಕೊಮ್ಮೆ ತಿಕ್ಕಿ "ಉಪಯೋಗ ಇಲ್ಲ" ಅನ್ನೋರು ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಹೀಗೆ ಕಲ್ಲಾದ ಹಳೇ ಪದರ, ಅಂದ್ರೆ ಟಾರ್ಟರ್, ಇದ್ದರೆ ಒಮ್ಮೆ ಅರಿವಳಿಕೆ ಕೊಟ್ಟೇ ಸ್ಕೇಲಿಂಗ್ ಮಾಡಿಸಿ, ಅಲ್ಲಿಂದ ಶುರು ಮಾಡಬೇಕು.

ನಾನು ರಾತ್ರಿ ಊಟಕ್ಕೆ ಮುಂಚೆ ತಿಕ್ಕೋದು, ಮುಗಿದ ಕೂಡಲೇ ತಟ್ಟೆ ಇಡ್ತೀನಿ. ಬಾಯಿ ತೆರೆಸಲ್ಲ. ಮುಚ್ಚಿದ ಬಾಯಲ್ಲೇ ಹೆಬ್ಬೆರಳಿಂದ ತುಟಿಯ ಮೂಲೆ ಹಿಂದಕ್ಕೆ ಸರಿಸಿ, ಎಳೆ ಮಕ್ಕಳ ಮೆದು ಬ್ರಷ್ಷನ್ನ ಕೆನ್ನೆಯ ಒಳಗೆ ಜಾರಿಸ್ತೀನಿ. ಎಳೆಗಳು ವಸಡು–ಹಲ್ಲು ಕೂಡೋ ಗೆರೆಗೆ ಓರೆಯಾಗಿ ತಾಗಬೇಕು. ಜೊಲ್ಲಿನ ನಾಳ ಮೇಲಿನ ಹಿಂದಿನ ಹಲ್ಲುಗಳ ಹತ್ತಿರವೇ ತೆರೆಯೋದರಿಂದ ಟಾರ್ಟರ್ ಹೆಚ್ಚು ಕೂರೋದೂ ಅಲ್ಲೇ. ಅಲ್ಲಿ ಒಂದೊಂದು ಬದಿಗೆ ಅರ್ಧ ನಿಮಿಷ. ಒಳಮೈ ನಾಲಿಗೆಗೇ ಬಿಟ್ಟಿದೀನಿ. ನಾಯಿಗಳಿಗಂತಲೇ ಸಿಗೋ ಚಿಕನ್ ರುಚಿಯ ಎನ್‌ಜೈಮ್ ಪೇಸ್ಟ್ ಬಟಾಣಿಯಷ್ಟು ಸಾಕು, ಅದನ್ನ ಎಳೆಗಳ ಒಳಗೆ ಬೆರಳಿಂದ ಒತ್ತಿಬಿಡಿ. ಮೇಲೆ ಇಟ್ಟರೆ ಒಂದೇ ಸಲಕ್ಕೆ ನೆಕ್ಕಿಹಾಕ್ತವೆ. ನಾವು ಬಳಸೋ ಪೇಸ್ಟ್ ಬೇಡವೇ ಬೇಡ. ನಾಯಿಗಳು ಉಗುಳಲ್ಲ, ನುಂಗ್ತವೆ. ನಮ್ಮ ಕೆಲವು ಪೇಸ್ಟ್‌ನಲ್ಲಿರೋ ಜೈಲಿಟಾಲ್ ಅನ್ನೋ ಸಿಹಿಕಾರಕ ನಾಯಿಗೆ ವಿಷ.

ಶುರುವಲ್ಲಿ ಬ್ರಷ್ಷಿಗೆ ಸ್ವಲ್ಪ ರಕ್ತ ಅಂಟಿತ್ತು. ಮೆತ್ತಗೆ ಮುಂದುವರಿಸಿದೆ, ವಾರ ಹತ್ತು ದಿನಕ್ಕೆ ನಿಂತಿತು. ಮುಧೋಳ ಬೇಗ ಒಪ್ಪಿತು. ಕಚ್ಚೋ ಸ್ಪಿಟ್ಜ್‌ಗೆ ಬರೀ ಬೆರಳಿಂದ ಶುರು ಮಾಡಿ ಬ್ರಷ್ಷಿಗೆ ಬರೋಕೆ ಎರಡು ತಿಂಗಳು ಹಿಡಿತು. ಅದನ್ನ ಕೂರಿಸೋದರಲ್ಲಿ ನನ್ನದೊಂದು ಪಟ್ಟು ಇದೆ, ಅದನ್ನ ನಾಯಿ ಕರೆದುಕೊಂಡು ಎದುರಿಗೆ ಬಂದವರಿಗೆ ಮಾತ್ರ ತೋರಿಸೋದು. ಓದಿ ಮಾಡಿದರೆ ಕೈ ಕಚ್ಚಿಸಿಕೊಳ್ತೀರಿ.

ಈಗ ಎರಡಕ್ಕೂ ಸೇರಿ ಪೇಸ್ಟ್, ಬ್ರಷ್ ಅಂತ ವರ್ಷಕ್ಕೆ 4 ಸಾವಿರ ಆಗಬಹುದು. ಹೊಸದಾಗಿ ಬಂದ ಸ್ಪಿಟ್ಜ್ ಮರಿಗೂ ಬೆರಳು ಅಭ್ಯಾಸ ಮಾಡಿಸ್ತಿದೀನಿ. ಏಳು ತಿಂಗಳಾದರೂ ಅದರ ಹಾಲು ಕೋರೆ ಬಿದ್ದಿಲ್ಲ, ಹೊಸ ಕೋರೆಗೆ ಒತ್ತಿಕೊಂಡು ನಿಂತಿದೆ, ಸಂದಿಯಲ್ಲಿ ಕೂದಲು, ಅನ್ನ ಸಿಕ್ಕಿಕೊಳ್ತದೆ. ಸಂತಾನಹರಣಕ್ಕೆ ಹೇಗೂ ಅರಿವಳಿಕೆ ಕೊಡ್ತಾರೆ, ಆಗಲೇ ಕಿತ್ತುಬಿಡಿ ಅಂತ ಡಾಕ್ಟರಿಗೆ ಹೇಳಿದೀನಿ. ಅರಿವಳಿಕೆ ಖರ್ಚು ಒಂದೇ ಸಲಕ್ಕೆ ಮುಗಿತದೆ.