ಬೆಕ್ಕಿಗೆ ಅಮೋನಿಯಾ ಬ್ಲಡ್ ಟೆಸ್ಟ್ ಮಾಡ್ಸೋ ಮುಂಚೆ ಇಷ್ಟು ನೋಡ್ಕೊಳ್ಳಿ

ಬೆಕ್ಕು ಊಟ ಆದ್ಮೇಲೆ ಮಂಕಾಗೋದು, ವಿಪರೀತ ಜೊಲ್ಲು ಸುರ್ಸೋದು, ಗೋಡೆಗೆ ತಲೆ ಒತ್ಕೊಂಡು ನಿಲ್ಲೋದು, ಫಿಟ್ಸ್ ಬರೋದು ಇದ್ರೆ ಡಾಕ್ಟ್ರು ಅಮೋನಿಯಾ ಟೆಸ್ಟ್ ಬರ್ಕೊಡ್ಬೋದು. ಕರುಳಲ್ಲಿ ಹುಟ್ಟೋ ಅಮೋನಿಯಾನ ಲಿವರ್ ಯೂರಿಯಾ ಮಾಡಿ ಹೊರಗೆ ಕಳಿಸ್ಬೇಕು, ಲಿವರ್ ಸೋತಿದ್ರೆ ಅಥವಾ ಶಂಟ್ (ಲಿವರ್ ತಪ್ಪಿಸಿ ಹೋಗೋ ಅಡ್ಡದಾರಿ ರಕ್ತನಾಳ) ಇದ್ದು ರಕ್ತ ಲಿವರ್‌ಗೆ ಹೋಗ್ದೆ ಪಕ್ಕದಿಂದ ಹರೀತಿದ್ರೆ ಅದು ಮಿದುಳಿಗೆ ಏರುತ್ತೆ.

ಮೊದ್ಲು ಕ್ಲಿನಿಕ್‌ಗೆ ಫೋನ್ ಮಾಡಿ, ಅಮೋನಿಯಾ ಅಳೆಯೋ ಮಷೀನ್ ಅಲ್ಲೇ ಇದ್ಯಾ ಅಂತ ಕೇಳಿ. ಎಲ್ಲಕ್ಕಿಂತ ಮುಖ್ಯ ಇದೇ, ಯಾಕಂದ್ರೆ ರಕ್ತ ಟ್ಯೂಬಿಗೆ ಬಂದ್ಮೇಲೂ ಅದರಲ್ಲಿ ಅಮೋನಿಯಾ ಹುಟ್ತಾನೇ ಇರುತ್ತೆ, ತಡ ಆದಷ್ಟೂ ನಂಬರ್ ಸುಮ್ನೆ ಏರುತ್ತೆ, ಅದಕ್ಕೇ ತಣ್ಣಗಿರೋ ಟ್ಯೂಬಲ್ಲಿ ತಗೊಂಡು ಐಸ್ ಮೇಲಿಟ್ಟು ತಕ್ಷಣ ಸ್ಪಿನ್ ಮಾಡಿ ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿಯೋ ದ್ರವ) ಬೇರೆ ಮಾಡಿ ಅರ್ಧ ಗಂಟೆ ಒಳಗೆ ಮಷೀನಲ್ಲಿ ಓಡಿಸಿಬಿಡ್ಬೇಕು. ಸಾಮಾನ್ಯವಾಗಿ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ರಾಸಾಯನಿಕ) ಇರೋ ಟ್ಯೂಬ್ ಬಳಸ್ತಾರೆ, ಅಮೋನಿಯಂ ಹೆಪಾರಿನ್ ಟ್ಯೂಬ್ ಮಾತ್ರ ಬೇಡ್ವೇ ಬೇಡ, ಅದರಲ್ಲೇ ಅಮೋನಿಯಂ ಇರುತ್ತೆ. ದೂರದ ಲ್ಯಾಬಿಗೆ ಕಳಿಸ್ತೀವಿ ಅಂದ್ರೆ ನನ್ ಪ್ರಕಾರ ಬೇರೆ ಕಡೆ ಮಾಡ್ಸೋದೇ ಒಳ್ಳೇದು. ಆಗೋದಾದ್ರೆ ಆರೋಗ್ಯವಾಗಿರೋ ಇನ್ನೊಂದು ಬೆಕ್ಕಿನ ಸ್ಯಾಂಪಲ್ ಕೂಡ ಜೊತೇಲೇ ಓಡ್ಸಿ ಅಂತ ಕೇಳಿ, ಅದೂ ಜಾಸ್ತಿ ಬಂದ್ರೆ ತಪ್ಪು ಟೆಸ್ಟಿಂದು ಅಂತ ಗೊತ್ತಾಗುತ್ತೆ.

ಸಾಮಾನ್ಯವಾಗಿ ಖಾಲಿ ಹೊಟ್ಟೇಲಿ ಮಾಡ್ತಾರೆ. ಆದ್ರೆ ಮರಿಗಳನ್ನ, ಈಗಾಗ್ಲೇ ಊಟ ಬಿಟ್ಟಿರೋ ಬೆಕ್ಕನ್ನ ನೀವಾಗೇ ಉಪವಾಸ ಕೆಡವಬೇಡಿ, ಎಷ್ಟು ಗಂಟೆ ಅಂತ ಡಾಕ್ಟ್ರೇ ಹೇಳ್ಲಿ. ಯಾಕಂದ್ರೆ ಅಮೋನಿಯಾನ ಯೂರಿಯಾ ಮಾಡೋಕೆ ಬೇಕಾದ ಅರ್ಜಿನೈನ್ ಅನ್ನೋ ಅಮೈನೋ ಆಸಿಡ್ ಬೆಕ್ಕಿಗೆ ಊಟದಿಂದ್ಲೇ ಬರ್ಬೇಕು, ಮೈಯಲ್ಲಿ ಸಾಕಷ್ಟು ತಯಾರಾಗಲ್ಲ. ರಕ್ತ ತೆಗೆಯೋವಾಗ ಕೊಸರಾಡಿದ್ರೂ, ಆಗಷ್ಟೇ ಫಿಟ್ಸ್ ಬಂದಿದ್ರೂ, ಸ್ಯಾಂಪಲ್ಲಲ್ಲಿ ರಕ್ತಕಣ ಒಡೆದಿದ್ರೂ ನಂಬರ್ ಏರುತ್ತೆ, ಹಾಗಾಗಿ ಟವೆಲಲ್ಲಿ ಸುತ್ಕೊಂಡು ಸಮಾಧಾನವಾಗಿ ಇರಿಸ್ಕೊಳ್ಳಿ.

ನಾರ್ಮಲ್ ಬಂತು ಅಂತ ಲಿವರ್ ಸರಿಯಿದೆ ಅಂದ್ಕೋಬೇಡಿ, ಶಂಟ್ ಇದ್ರೂ ಕೆಲವೊಮ್ಮೆ ನಾರ್ಮಲ್ಲೇ ಬರುತ್ತೆ. ಆಗ ಬೈಲ್ ಆಸಿಡ್ (ಪಿತ್ತರಸದ ಆಮ್ಲ) ಟೆಸ್ಟ್ ಕೇಳಿ, ಖಾಲಿ ಹೊಟ್ಟೇಲಿ ಒಂದ್ಸಲ, ಊಟ ಆಗಿ 2 ಗಂಟೆಗೆ ಇನ್ನೊಂದ್ಸಲ, ಆ ಸ್ಯಾಂಪಲ್ ದೂರ ಕಳಿಸಿದ್ರೂ ಕೆಡಲ್ಲ. ಕಾಮಾಲೆಯಿಂದ ಬೆಕ್ಕು ಹಳದಿಯಾಗಿದ್ರೆ ಮಾತ್ರ ಅದರಿಂದ ಹೊಸದೇನೂ ಗೊತ್ತಾಗಲ್ಲ, ಅಲ್ಲಿ ಅಮೋನಿಯಾ ಟೆಸ್ಟೇ ಉಪಯೋಗ.

ಫಿಟ್ಸ್ ಬರ್ತಿದ್ರೆ ಅಥವಾ ಕರೆದ್ರೂ ಏಳ್ತಿಲ್ಲ ಅಂದ್ರೆ ರಿಪೋರ್ಟ್‌ಗೆ ಕಾಯ್ಬೇಡಿ, ನೇರ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.